ಬೇಲದ ಮರಕ್ಕೆ ನೂರಕ್ಕೆ ನೂರು

ರಾಜಾನುಕುಂಟೆ ಆಚೆಯ ನಮ್ಮೂರ ಕುರುಚಲು ಕಾಡು ನನಗೆ ಅಂಗೈ ಗೆರೆಯಷ್ಟು ಪರಿಚಿತವೆಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಹೀಗಾಗಿ, ಬಿಸಿಲು ಹೆಚ್ಚಿ ಮಳೆ ಕೈಕೊಟ್ಟರೆ ಯಾವ ಕಾಡು ತಡೆದೀತು, ಯಾವುದು ಒಣಗೀತು ಎಂದು ನೋಡಲು ದೀಪಾ ಎಂಬ ಸಂಶೋಧಕಿ ಬಂದಾಗ ಊರಿನವರು ನನ್ನ ಹೆಸರನ್ನೇ ಹೇಳಿದರು. ಯಲಹಂಕದ ಮನೆಯಿಂದ ಹ್ಯಾಟು ಧರಿಸಿ ಹೊರಟೆ. ಕಾಫಿ ಫ್ಲಾಸ್ಕ್ ಹಿಡಿದು ಹೆಂಡತಿ ಸುಶೀಲಾಳೂ ಬಂದಳು.

ಕಾಡಿಗೆ ಕಾಲಿಟ್ಟದ್ದೇ ತಡ, ನನ್ನ ಪಿಂಚಣಿ ವಯಸ್ಸು ಮರೆತುಹೋಯಿತು. ಇಲ್ಲೇ ಕಾರೆಹಣ್ಣು ಕಿತ್ತು ಚಡ್ಡಿ ಜೇಬು ತುಂಬಿಕೊಳ್ಳುತ್ತಿದ್ದೆವು. ದನ ಮೇಯಿಸುವ ನೆಪದಲ್ಲಿ ಮಧ್ಯಾಹ್ನವೆಲ್ಲ ಮರಕೋತಿ ಆಡುತ್ತಿದ್ದೆವು. ಅಗೋ, ನನ್ನ ಬೇಲದ ಮರ! ಅದರ ಹಣ್ಣನ್ನು ಕಲ್ಲಿಗೆ ಕುಟ್ಟಿ ಒಡೆದು, ಅವ್ವ ಸೆರಗಿನಲ್ಲಿ ಕಟ್ಟಿಕೊಂಡು ತಂದ ಬೆಲ್ಲ ಬೆರೆಸಿ ತಿಂದದ್ದು ನೆನಪಾಯಿತು. ಸುತ್ತಲೂ ಲೇಔಟುಗಳು ಎದ್ದಿದ್ದವು. ಮರ ಮಾತ್ರ ಹಾಗೇ ನಿಂತಿತ್ತು.

"ಅಂಕಲ್, ಈ ಕಾಡು ಹೇಗಿದೆ ಅನ್ಸುತ್ತೆ?" ಎಂದಳು ದೀಪಾ.

"ಉಕ್ಕು ಕಣಮ್ಮಾ, ಉಕ್ಕು! ಎಂಥ ಬರ ಬಂದ್ರೂ ಜಗ್ಗಲ್ಲ. ನೂರಕ್ಕೆ ನೂರು ಹಾಕ್ಕೋ!"

"ಒಳ್ಳೇದಾಯ್ತು. ಹಾಗಾದ್ರೆ ಬೇಲಿ, ಇಂಗುಗುಂಡಿ ಎಲ್ಲಾ ಗುಡ್ಡದಾಚೆ ಕಾಡಿಗೆ ಕೊಡಬಹುದು. ಒಂದು ಕಾಡಿಗಾಗುವಷ್ಟೇ ದುಡ್ಡು ಇರೋದು. ಸೊರಗಿರೋದಕ್ಕೆ ಮೊದಲು."

ಹೊಗಳಿ ಹೊಗಳಿ ನನ್ನ ಕಾಡಿನ ಅನ್ನ ನಾನೇ ಕಿತ್ತುಕೊಂಡಿದ್ದೆ! ಕೂಡಲೇ ಸಕಲ ಗಾಂಭೀರ್ಯದೊಂದಿಗೆ ಹೇಳಿಕೆಯನ್ನು ತಿದ್ದುಪಡಿ ಮಾಡಿದೆ.

"ಅಂದ್ರೆ... ನೋಡೋಕೆ ಗಟ್ಟಿ, ಅಷ್ಟೇ. ಒಳಗೆಲ್ಲ ಪೊಳ್ಳು. ಮುಟ್ಟಿದ್ರೆ ಕೊಂಬೆ ಬೀಳುತ್ತೆ!"

ತೋರಿಸಲೆಂದು ಬೇಲದ ಕೊಂಬೆಯೊಂದನ್ನು ಎಳೆದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಜೋತುಬಿದ್ದೆ. ಊಹೂಂ!

"ರೀ, ಮೊಣಕಾಲು ನೋವು ಅಂತ ಬೆಳಗ್ಗೆ ತಾನೇ ಎಣ್ಣೆ ಹಚ್ಚಿಸ್ಕೊಂಡ್ರಿ!" ಸುಶೀಲಾ ಕೂಗಿದಳು.

"ನೀನು ಸುಮ್ನಿರೇ. ಇದು ಕಾಡಿನ ಅಳಿವು ಉಳಿವಿನ ಪ್ರಶ್ನೆ!" ಎಂದು ಹತ್ತಿಯೇಬಿಟ್ಟೆ. ಕೊಂಬೆಯ ಮೇಲೆ ನಿಂತು ಕುಣಿದೆ. ಕೊಂಬೆ ಮುರಿಯಲಿಲ್ಲ. ಪ್ಯಾಂಟು ಹರಿಯಿತು! ಬೇಲದ ಮುಳ್ಳುಗಳು ಹಿಂದಿನಿಂದ ನನ್ನನ್ನು ಭದ್ರವಾಗಿ ಹಿಡಿದುಕೊಂಡವು.

ಅಷ್ಟರಲ್ಲಿ ದೀಪಾ ನೆಲ ನೋಡುತ್ತಿದ್ದಳು. "ಅಂಕಲ್, ಮರ ಚೆನ್ನಾಗೇ ಇದೆ. ಆದ್ರೆ ಕೆಳಗೆ ಒಂದೂ ಎಳೆ ಸಸಿ ಇಲ್ಲ. ಹುಟ್ಟಿದ್ದೆಲ್ಲ ಬಿಸಿಲಿಗೆ ಒಣಗಿದೆ, ಉಳಿದದ್ದನ್ನ ಮೇಕೆ ತಿಂದಿವೆ. ಬೇಲಿ ಮೊದಲು ಇಲ್ಲಿಗೇ ಬೇಕು."

ಮೇಲಿನಿಂದಲೇ ನೋಡಿದೆ. ನಾವು ಆಡುವಾಗ ಕಾಲಿಗೆ ತೊಡರುತ್ತಿದ್ದ ಸಸಿಗಳ ಜಾಗದಲ್ಲಿ ಬರೀ ಕೆಂಪು ಮಣ್ಣು. ನೆನಪುಗಳನ್ನೇ ನೋಡುತ್ತ ನಡೆದವನಿಗೆ ಅದು ಕಂಡೇ ಇರಲಿಲ್ಲ.

"ಈ ಮಾತು ನಾನು ಹತ್ತೋಕ್ಮುಂಚೆ ಹೇಳಬಾರದಿತ್ತೇನಮ್ಮಾ?"

"ನೀವು ಅವಳಿಗೆ ಬಾಯಿ ಬಿಡೋಕೆ ಬಿಟ್ರಾ?" ಎಂದಳು ಸುಶೀಲಾ.

ಪಕ್ಕದ ಲೇಔಟಿನ ಮನೆಯೊಂದಕ್ಕೆ ಬಣ್ಣ ಬಳಿಯುತ್ತಿದ್ದವರು ಏಣಿ ತಂದು ಇಳಿಸಿದರು. ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಯಲಹಂಕದವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ಸೀಟುಗಳು ಖಾಲಿಯಿದ್ದವು. ಕೂರುವ ಯೋಗ ನನಗಿರಲಿಲ್ಲ!

ಗೇಟಿನ ಬಳಿ ಎದುರುಮನೆಯಾಕೆ ಕೇಳಿದರು, "ಏನಾಯ್ತು ಸುಶೀಲಮ್ಮ, ನಿಮ್ಮೂರ ಕಾಡಿನ ವಿಷಯ?"

"ಬೇಲಿ ಹಾಕ್ತಾರಂತೆ ಕಣ್ರೀ. ದನ, ಮೇಕೆ, ನಮ್ಮನೆಯವರು, ಇನ್ಮೇಲೆ ಯಾರನ್ನೂ ಒಳಗೆ ಬಿಡಲ್ವಂತೆ!"