ಒಂದೇ ಸಲದ ಬ್ಯಾಡ

ಗುರುಪಾದನ ಗ್ರಹಚಾರ ಕೆಟ್ಟಿದ್ದು ಹಾಲೆಂಡಿನಿಂದ ಬಂದ ಒಂದು ಇಮೇಲಿನಿಂದ. ಬನಹಟ್ಟಿಯ ಗಿರಮಲ್ಲಪ್ಪ ಸಾವಕಾರರ ಮಗ್ಗದ ಶೆಡ್ಡಿನಲ್ಲಿ ಅವನು ಸೂಪರ್‌ವೈಸರ್. ಅಲ್ಲಿ ಇಂಗ್ಲಿಷ್ ಬಲ್ಲವನು ಅವನೊಬ್ಬನೇ ಆದ್ದರಿಂದ ಇಮೇಲು ಓದುವ ಕೆಲಸವೂ ಅದರ ಪಾಪ ಹೊರುವ ಕೆಲಸವೂ ಅವನದೇ ಆಗಿತ್ತು.

ಹಾಲೆಂಡಿನ ಒಂದು ಕಂಪನಿಗೆ ಇಲ್ಲಿಯ ಹತ್ತಿ ಬಟ್ಟೆ ಹಿಡಿಸಿತ್ತು. ಶೆಡ್ಡು ನೋಡಲು ಎಲ್ಕೆ ಎಂಬ ಮೇಡಂ ಬರುವವರಿದ್ದರು. ಎಲ್ಲ ಸರಿ ಕಂಡರೆ ಆರ್ಡರು ನೋಡಿಕೊಳ್ಳಲು ಇಲ್ಲಿಯವರಲ್ಲೇ ಒಬ್ಬರನ್ನು ಮ್ಯಾನೇಜರ್ ಮಾಡುತ್ತಾರೆ. ಆರಿಸುವವರೂ ಪಗಾರ ಕೊಡುವವರೂ ಅವರೇ. ಆ ಖುರ್ಚಿ ತನ್ನದೇ ಎಂದು ಗುರುಪಾದ ಕನಸು ಕಾಣುತ್ತಿದ್ದ. ಹೆಂಡತಿ ಪದ್ಮವ್ವ ಕನಸಿನ ತಂಟೆಗೇ ಹೋಗದೆ ಓಣಿಗೆಲ್ಲ ಪೇಡೆ ಹಂಚಿ ಮುಗಿಸಿದ್ದಳು.

ಆ ಇಮೇಲಿನ ಕೊನೆಯ ಸಾಲುಗಳೇ ಕಂಟಕ. "ನಮ್ಮ ದೇಶದಲ್ಲಿ ಮಾಲೀಕರನ್ನು ಹೆಸರು ಹಿಡಿದು ಕರೆಯುತ್ತೇವೆ, ಅವರ ತಪ್ಪನ್ನು ಅವರೆದುರಿಗೇ ಹೇಳುತ್ತೇವೆ. ಕೆಲಸದವರು ಬಾಯಿ ಬಿಡುವ ಕಡೆಯಲ್ಲೇ ನಮಗೆ ನಂಬಿಕೆ."

ಸಾವಕಾರರು ಮೀಸೆ ತಿರುವಿದರು. "ಆತು ಬಿಡು, ಒಂದ ದಿನದ ಮಾತು. ಹೆಸರ ಹಿಡದ ಕರೀಲಿ, ಬೈಲಿ. ಆದ್ರ ಮರ್ಯಾದಿಲಿಂದ ಬೈಬೇಕಂತ ಹೇಳು."

ಹೀಗಾಗಿ ಮೇಡಂ ಬರುವ ದಿನ ಬೆಳಿಗ್ಗೆ ಗುರುಪಾದ ಮಗ್ಗ ಬಂದ್ ಮಾಡಿಸಿ ಬೈಗಳದ ತಾಲೀಮು ಶುರು ಮಾಡಿದ. ಮೊದಲು ಸಿಕ್ಕವಳು ನೂಲು ಸುತ್ತುವ ಕೆಂಪವ್ವ.

"ನೀ ಇಷ್ಟ ಅನ್ನು ಬೇ: ಗಿರಮಲ್ಲಪ್ಪಾ, ನೂಲ ಛಲೋ ಇಲ್ಲ."

"ನೂಲ ಛಲೋ ಇಲ್ಲ."

"ಹೆಸರ ಎಲ್ಲಿ ಹೋತು?"

"ಅದನ್ನ ನಾ ಅನ್ನಂಗಿಲ್ಲ. ನಮ್ಮನಿಯವರ ಹೆಸರೂ ಅದ ಐತಿ. ಗಂಡನ ಹೆಸರ ಬಾಯಾಗ ತಗೊಂಡ್ರ ಅವ್ರ ಆಯುಷ್ಯ ಕಡಿಮಿ ಆಕ್ಕೈತಿ."

"ನೀ ಕರಿಯೂದು ಸಾವಕಾರ್ರನ್ನ, ನಿನ್ನ ಗಂಡನ್ನಲ್ಲ!"

"ಆಯುಷ್ಯಕ್ಕ ಅದೆಲ್ಲಾ ಏನ ಗೊತ್ತಾಗತೈತಿ? ಬೇಕಂದ್ರ ಒಡಪಿನ್ಯಾಗ ಹೇಳ್ತೇನಿ. ಮದುವಿ ಮನ್ಯಾಗ ಗಂಡನ ಹೆಸರ ಪದದಾಗ ಕೂಡಿಸಿ ಹೇಳ್ದಂಗ. ಅದಕ್ಕ ದೋಷ ಇಲ್ಲ."

"ಹೆಂಗರ ಹೇಳು, ನೂಲಿನ ಮಾತ ಮಾತ್ರ ಮರೀಬ್ಯಾಡ," ಎಂದು ಗುರುಪಾದ ಅವಳಿಂದ ಮಾತು ತೆಗೆದುಕೊಂಡ. ಅಷ್ಟರಲ್ಲಿ ಚಹಾ ಬಂತು. ಎಲ್ಲರೂ ರೂಢಿಯಂತೆ "ಬ್ಯಾಡ್ರಿ, ಬ್ಯಾಡ್ರಿ" ಎನ್ನುತ್ತ ಎರಡನೇ ಒತ್ತಾಯಕ್ಕೆ ಕಾದು ನಿಂತರು. ಮಗ್ಗ ರಿಪೇರಿಯ ರಾಚಪ್ಪ ಮಾತ್ರ ಕೇಳುವ ಮೊದಲೇ ಕಪ್ಪಿಗೆ ಕೈ ಹಾಕಿದ. ದಿನದ ಅರ್ಧ ಭಾಗ ಬಟ್ಟೆ ಗಂಟಿಗೆ ಒರಗಿ ತೂಕಡಿಸುವ ಆಸಾಮಿ ಅವನು.

"ನಾಚಿಕಿ ಐತೇನಲೇ?" ಗುರುಪಾದ ರೇಗಿದ. "ಎರಡ ಸಲ ಬ್ಯಾಡ ಅಂದು ಮೂರನೇದಕ್ಕ ತಗೊಳ್ಳೂದು ಮನಿತನಸ್ತರ ಲಕ್ಷಣ."

"ತಗೊಳ್ಳೂದು ಖರೆ ಅಂದಮ್ಯಾಲ ಆರಿಸಿ ಯಾಕ ಕುಡೀಬೇಕ್ರಿ?" ಎಂದ ರಾಚಪ್ಪ.

ಗುರುಪಾದನಿಗೆ ಇಮೇಲಿನ ಇನ್ನೊಂದು ಮಾತು ತಟ್ಟನೆ ನೆನಪಾಯಿತು. "ಎಲ್ಲಾರೂ ಕೇಳ್ರಿ! ಮೇಡಂ ಮುಂದ ಈ ಬ್ಯಾಡ ಬ್ಯಾಡ ನಡಿಯಂಗಿಲ್ಲ. ಅವರ ದೇಶದಾಗ ಒಮ್ಮೆ ಬ್ಯಾಡ ಅಂದ್ರ ಮುಗೀತು. ಎರಡನೇ ಸಲ ಕೇಳಿದ್ರ ಅವಮಾನ ಮಾಡ್ದಂಗ. ಬೇಕಾಗಿದ್ರ ಬೇಕು ಅಂದ ಬಿಡ್ರಿ!"

ಮೇಡಂ ಬಂದರು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಬರುವಷ್ಟು ಎತ್ತರ. ಬಂದವರೇ ತಮ್ಮ ದೇಶದ ಬಿಸ್ಕೀಟಿನ ಡಬ್ಬಿ ತೆರೆದು ಎಲ್ಲರ ಮುಂದೆ ಹಿಡಿದರು. ಬೆಳಗಿನ ಪಾಠ ನೀರಲ್ಲಿ ಹೋಮ ಮಾಡಿದಂತಾಗಿತ್ತು. ಎಲ್ಲರೂ ಕೈ ಮುಗಿದು "ಬ್ಯಾಡ್ರಿ" ಎಂದರು. ರಾಚಪ್ಪ ಎರಡು ತೆಗೆದುಕೊಂಡ. ಮೇಡಂ ಡಬ್ಬಿ ಮುಚ್ಚಿಬಿಟ್ಟರು. ಇನ್ನೊಮ್ಮೆ ಕೇಳಿಯಾರು ಎಂದು ಕಾದವರ ಬಾಯಲ್ಲಿ ನೀರು ಹಾಗೇ ಉಳಿಯಿತು.

"ಇಲ್ಲಿ ಏನು ಸರಿಯಿಲ್ಲ?" ಎಂದು ಮೇಡಂ ಕೇಳಿದರು. ಗುರುಪಾದ ಕನ್ನಡದಲ್ಲಿ ಹೇಳಿದ. ನೇಕಾರ ಸಿದರಾಯ ಸಾವಕಾರರ ಮೀಸೆ ನೋಡಿ, "ಸಾವಕಾರ್ರು ದೇವರಂಥಾವ್ರು" ಎಂದುಬಿಟ್ಟ. ಅವನ ಪಕ್ಕದವರೂ ಅದೇ ಮಾತು ಹೇಳಿದರು.

ಕೆಂಪವ್ವ ಮಾತ್ರ ಕೊಟ್ಟ ಮಾತು ಉಳಿಸಿಕೊಂಡಳು. ಸೆರಗು ಹೊದ್ದು, ಸಾವಕಾರರ ಮುಂದೆ ನಿಂತು, ಕಣ್ಣು ಮುಚ್ಚಿ ರಾಗ ತೆಗೆದಳು:

"ಹಿತ್ತಲದಾಗ ಬೆಳದೈತಿ ಬಾಳಿಹಣ್ಣ,
ಬನಹಟ್ಟಿ ಸೀರಿಗೈತಿ ಬಾಡದ ಬಣ್ಣ,
ಗಿರಮಲ್ಲಪ್ಪ ನಕ್ಕರ ತಂಪ ನನ್ನ ಕಣ್ಣ!"

ನೂಲಿನ ವಿಷಯ ಅವಳಿಗೆ ಮರೆತೇ ಹೋಗಿತ್ತು. ಶೆಡ್ಡಿಗೆ ತಾಗಿಯೇ ಸಾವಕಾರರ ಮನೆ. ಅದರ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಅವರ ಹೆಂಡತಿ ಇಂದ್ರವ್ವ ಕಿಟಕಿಯನ್ನು ಧಡ್ಡೆಂದು ಹಾಕಿಕೊಂಡರು. ಸಾವಕಾರರ ಮುಖ ಬಿಳಿಚಿತು. ಇವತ್ತು ರಾತ್ರಿ ರೊಟ್ಟಿ ಸಿಗುವುದಿಲ್ಲ ಎಂಬುದು ಅವರಿಗೆ ಖಾತ್ರಿಯಾಗಿತ್ತು.

"ಏನೆಂದರು?" ಮೇಡಂ ಕೇಳಿದರು.

"ಬಣ್ಣ ಹೋಗುವುದಿಲ್ಲ ಎಂದು ಗ್ಯಾರಂಟಿ ಕೊಟ್ಟಳು," ಎಂದ ಗುರುಪಾದ, ಬೆವರು ಒರೆಸಿಕೊಳ್ಳುತ್ತ.

"ಆದರೆ ತಪ್ಪು ಹೇಳುವವರು ಒಬ್ಬರೂ ಇಲ್ಲ. ಎಲ್ಲರೂ ಹೆದರಿದ್ದಾರೆ," ಎಂದು ಮೇಡಂ ಬ್ಯಾಗು ಹೆಗಲಿಗೇರಿಸಿದರು.

ಸಾವಕಾರರು ಹಲ್ಲು ಕಡಿದರು. "ಏನ್ ಕಲಿಸಿಯೋ ಇವರಿಗೆ? ಸೂಪರ್‌ವೈಸರಂತ! ದನಾ ಕಾಯಾಕ ಹೋಗಬೇಕಿತ್ತ ನೀ."

ಬೆಳಗಿನಿಂದ ಕುದಿಯುತ್ತಿದ್ದುದೆಲ್ಲ ಉಕ್ಕಿತು. "ನಾ ದನಾ ಕಾಯಬೇಕ? ಏ ಗಿರಮಲ್ಲಪ್ಪಾ! ಫ್ಯಾನ್ ಸುಟ್ಟು ಎರಡ ಬ್ಯಾಸಗಿ ಹೋದೂವು, ಹೊಸಾದ ಹಾಕ್ಸಿದೇನ? ಅಗ್ಗದ ನೂಲ ತರಾಂವ ನೀ, ಎಳಿ ಹರದ್ರ ಬೈಸ್ಕೊಳ್ಳಾವ್ರು ನಾವು. ತಪ್ಪ ನಿಂದು, ಬೈಗಳ ನಮಗ!"

"ಏನೆಂದಿರಿ?" ಎಂದು ಮೇಡಂ ಬ್ಯಾಗು ಕೆಳಗಿಟ್ಟರು. ಗುರುಪಾದನಿಗೆ ತನ್ನ ದನಿಯೇ ತನಗೆ ಹೆದರಿಕೆ ಹುಟ್ಟಿಸಿತ್ತು. ಆದರೂ ಅದನ್ನೆಲ್ಲ ಇಂಗ್ಲಿಷಿನಲ್ಲಿ ಒಪ್ಪಿಸಿದ.

ಮೇಡಂ ಚಪ್ಪಾಳೆ ತಟ್ಟಿದರು! "ನಮಗೆ ಇಂಥವರೇ ಬೇಕು. ಆರ್ಡರು ನಿಮಗೇ. ಗುರುಪಾದ್, ನೀವು ನಮ್ಮ ಮ್ಯಾನೇಜರ್ ಆಗುತ್ತೀರಾ?"

ಗುರುಪಾದನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಆದರೆ ತಾಯಿಯ ಹಾಲಿನ ಜೊತೆ ಕುಡಿದ ಸಂಸ್ಕಾರ ಎಲ್ಲಿಗೆ ಹೋಗಬೇಕು? ಕೈ ತಾನೇ ಮುಗಿಯಿತು, ತಲೆ ತಾನೇ ಬಾಗಿತು. "ನೋ ನೋ ಮೇಡಂ. ನಾನ್ಯಾಕೆ? ನನಗಿಂತ ದೊಡ್ಡವರಿದ್ದಾರೆ," ಎಂದು ಹೇಳಿ, ಎರಡನೇ ಸಲದ ಕೇಳಿಕೆಗೆ ಕಾದು ನಿಂತ.

ಎರಡನೇ ಸಲ ಬರಲಿಲ್ಲ.

"ಎಷ್ಟು ನೇರ ಮನುಷ್ಯರು ನೀವು!" ಎಂದರು ಮೇಡಂ.

"ಮೇಡಂ, ಆ ನೋ ಅಂದರೆ..."

ಮೇಡಂ ಅವನ ಹೆಗಲ ಮೇಲೆ ಕೈಯಿಟ್ಟರು. "ವಿವರಿಸಬೇಡಿ. ಬೇಡ ಎಂದವರಿಂದ ಕಾರಣ ಕೇಳುವುದು ನಮ್ಮಲ್ಲಿ ದೊಡ್ಡ ತಪ್ಪು. ಅಗೋ, ಬಿಸ್ಕೀಟು ಬೇಕೆಂದು ನೇರವಾಗಿ ತಗೊಂಡರಲ್ಲ, ಅವರನ್ನು ಕೇಳಿ."

ಕೇಳಬೇಕಾದವನೂ ಗುರುಪಾದನೇ. "ರಾಚಪ್ಪಾ... ಮ್ಯಾನೇಜರ್ ಆಗ್ತಿಯೇನಂತ ಕೇಳಾಕತ್ತಾರ," ಎಂದು, ಬ್ಯಾಡ ಅನ್ನು ಎಂದು ಕಣ್ಣಲ್ಲೇ ಕೈಕಾಲು ಹಿಡಿದ.

"ಹೂನ್ರಿ!" ಎಂದ ರಾಚಪ್ಪ. ಅವನ ತಲೆ ಮೇಲೆ ಕೆಳಗೆ ಆಡಿದ್ದನ್ನು ಅನುವಾದಿಸುವ ಅಗತ್ಯ ಬೀಳಲಿಲ್ಲ.

"ಊರಿಗೆಲ್ಲಾ ಶಕುನ ಹೇಳೂ ಹಲ್ಲಿ ತಾನ ಬಚ್ಚಲದಾಗ ಬಿತ್ತು," ಎಂದು ಕೆಂಪವ್ವ ಲೊಚಗುಟ್ಟಿದಳು.

ಮೇಡಂ ಕಾರು ಮರೆಯಾದ ಮೇಲೆ ಸಾವಕಾರರು ಹತ್ತಿರ ಬಂದರು. "ಫ್ಯಾನ್ ನಾಳಿ ಹಾಕಸ್ತೇನಿ ಗುರುಪಾದಾ. ಅಲ್ಲಿಮಟ ನೀನ ಗಾಳಿ ಬೀಸು."

ಸಂಜೆಯವರೆಗೆ ರಟ್ಟು ಹಿಡಿದು ಬೀಸಿ, ಕೈಗೆ ಬಂದ ತುತ್ತು ಬಾಯಿಗೆ ಬರದ ಸಂಕಟದಲ್ಲಿ ಗುರುಪಾದ ಮನೆಗೆ ಬಂದ. ಪದ್ಮವ್ವ ಎಲ್ಲ ಕೇಳಿದಳು. ಪೇಡೆ ತಿಂದ ಮನೆಗಳನ್ನೆಲ್ಲ ನೆನೆದು ನಿಟ್ಟುಸಿರು ಬಿಟ್ಟಳು. ಆಮೇಲೆ ಪಾಪ ಎನಿಸಿರಬೇಕು.

"ಇರ್ಲಿ ಬಿಡ್ರಿ. ಚಾ ಮಾಡ್ಲೇನು?"

ಬಾಯಿಗೆ ಬಂದಿದ್ದ "ಬ್ಯಾಡ"ವನ್ನು ಗುರುಪಾದ ಕತ್ತು ಹಿಚುಕಿ ಒಳಗೆ ತಳ್ಳಿದ. ಹೊಡೆತ ತಿಂದು ಕಲಿತ ಬುದ್ಧಿ ಅದು. ಎದೆಯುಬ್ಬಿಸಿ ಹೇಳಿದ, "ಹೂಂ! ಮಾಡು! ಈಗಿಂದೀಗ!"

ಪದ್ಮವ್ವ ಕಕ್ಕಾಬಿಕ್ಕಿಯಾದಳು. "ಅಯ್ಯ, ಹೂಂ ಅಂದ ಬಿಟ್ರಲ್ರಿ! ದಿನಾ ಎರಡ ಸಲ ಬ್ಯಾಡ ಅಂತಿದ್ರಿ, ಅಷ್ಟರಾಗ ಬಾಜೂ ಮನಿಗೆ ಹೋಗಿ ಹಾಲ ಕಡಾ ತರ್ತಿದ್ನಿ. ಮನ್ಯಾಗ ಹಾಲಿಲ್ಲ!"