ಮಾವನಿಗೆ ತಾಳ ಕಲಿಸಲು ಹೋಗಿ

"ಒಂದೇ ವಾರ. ಮಾವನ್ನ ಒಬ್ರನ್ನೇ ಟೀ ಅಂಗಡಿಗೆ ಕಳಿಸ್ಲಿಲ್ಲ ಅಂದ್ರೆ ನನ್ ಎಸ್ರು ಮುನೀಂದ್ರನೇ ಅಲ್ಲ" ಎಂದು ನಾನು ಘೋಷಿಸಿದಾಗ, ನನ್ನ ಹೆಂಡತಿ ಕಲ್ಪನ ಸೊಪ್ಪು ಬಿಡಿಸುತ್ತಲೇ, "ಬೇರೆ ಎಸ್ರು ಈಗ್ಲೇ ನೋಡಿಟ್ಕಳಿ" ಎಂದಳು.

ಮಾವ ಸೆಲ್ವರಾಜ್ ಅವರಿಗೆ ಪಾರ್ಕಿನ್ಸನ್ ಕಾಯಿಲೆ. ನಡೆಯುತ್ತ ನಡೆಯುತ್ತ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಚಾಂಪಿಯನ್ ರೀಫ್ಸ್‌ನ ನಮ್ಮ ಬೀದಿಯ ಕೊನೆಯ ಟೀ ಅಂಗಡಿಯಲ್ಲಿ ಹಳೇ ಚಿನ್ನದ ಗಣಿಯ ಸ್ನೇಹಿತರೆಲ್ಲ ಸೇರುತ್ತಾರೆ. ಇವರು ಅಲ್ಲಿಗೆ ಹೋಗಿ ಮೂರು ತಿಂಗಳಾಗಿತ್ತು. ಮಗಳ ಕೈ ಹಿಡಿದುಕೊಂಡು ಹೋಗಲು ಮರ್ಯಾದೆ ಅಡ್ಡ. ಬಂಗಾರಪೇಟೆಯ ಫಿಸಿಯೋಥೆರಪಿಸ್ಟ್ ಶ್ಯಾಮಲ ಒಂದು ಬಣ್ಣದ ಚಾಪೆ ಕೊಟ್ಟು, ಫೋನಿಗೆ ಆಟವೊಂದನ್ನು ಹಾಕಿಕೊಟ್ಟರು. ಹಾಡು ಬರುತ್ತದೆ, ತಾಳಕ್ಕೆ ಸರಿಯಾಗಿ ಚೌಕ ತುಳಿಯಬೇಕು, ಪಾಯಿಂಟು ನೇರ ಅವರ ಕಂಪ್ಯೂಟರಿಗೆ. ತಾಳ ಸಿಕ್ಕರೆ ಅಂಟಿದ ಕಾಲೂ ಏಳುತ್ತದಂತೆ. "ಐವತ್ತು ಪಾಯಿಂಟ್ ಬಂದ್ರೆ ಒಬ್ಬರೇ ಹೋಗಬಹುದು" ಎಂದಿದ್ದರು.

ಮೊದಲ ದಿನ ಮಾವ ಠೀವಿಯಿಂದ ಹೆಜ್ಜೆ ಇಟ್ಟರು. ಸರಿಯಾಗಿ ತುಳಿದದ್ದಕ್ಕೆ ಫೋನು ಮೆಚ್ಚಿ 'ಟಿಣ್' ಎಂದಿತು. ಮಾವ ನಿಂತುಬಿಟ್ಟರು. ಹುರಿದುಂಬಿಸಿದೆ. ಇನ್ನೊಂದು ಹೆಜ್ಜೆ, ಟಿಣ್, ಮತ್ತೆ ಸ್ತಬ್ಧ. ಇಪ್ಪತ್ತು ಪಾಯಿಂಟು.

ಸರಿಯಾಗಿ ತುಳಿದ ಮೇಲೂ ಮನುಷ್ಯ ನಿಲ್ಲುವುದೇಕೆ? ನನಗೆ ಕುತೂಹಲ ತಡೆಯಲಾಗಲಿಲ್ಲ. ಕಿವಿ ಮಂದವಿರಬೇಕೆಂದು ತೀರ್ಮಾನಿಸಿ, ರಾಬರ್ಟ್‌ಸನ್‌ಪೇಟೆಯ ನನ್ನ ಎಲೆಕ್ಟ್ರಿಕ್ ಅಂಗಡಿಯಿಂದ ದೊಡ್ಡ ಸ್ಪೀಕರ್ ತಂದೆ. 'ಟಿಣ್' ಸದ್ದಿಗೆ ಪಕ್ಕದ ಮನೆಯ ಮುನಿಶಾಮಮ್ಮ ಮಂಗಳಾರತಿ ಎಂದುಕೊಂಡು ಕೈಮುಗಿದು ಒಳಗೆ ಬಂದರು. ಮಾವ ಮಾತ್ರ ಕಂಬ. ಹದಿನಾಲ್ಕು!

ಹಾಗಾದರೆ ಚಾಪೆಯೇ ಕೆಟ್ಟಿರಬೇಕು. ಸಂಜೆ ಪರೀಕ್ಷೆಗೆ ಖುದ್ದು ನಾನೇ ಇಳಿದೆ. ಮಂಚದ ಕಾಲಿಗೆ ಬೆರಳು ಬಡಿದುಕೊಂಡೆ, ಹಾಲಿನ ಪಾತ್ರೆ ಉರುಳಿಸಿದೆ. ಬೆಳಿಗ್ಗೆ ಶ್ಯಾಮಲ ಅವರ ಫೋನು ಬಂತು, ಎಲ್ಲರಿಗೂ ಕೇಳುವಂತೆ ಇಟ್ಟೆ.

"ನಿನ್ನೆ ಸಂಜೆ ಬರೀ ಏಳು ಪಾಯಿಂಟ್. ಅವರನ್ನ ಬಾತ್‌ರೂಮಿಗೂ ಒಬ್ಬರನ್ನೇ ಬಿಡಬೇಡಿ. ಟೀ ಅಂಗಡಿ ಮಾತು ಮರೆತುಬಿಡಿ."

ಮಾವನ ಮುಖ ಬಾಡಿತು.

"ಮೇಡಂ, ಆ ಏಳು ಅವರ್ದಲ್ಲ. ನಂದು" ಎಂದೆ. ಕಲ್ಪನ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ನಿಂತ ಮೇಲೆ ಅಪ್ಪನ ಕಡೆ ತಿರುಗಿದಳು.

"ನೈನಾ, ಸರಿಯಾಗೇ ತುಳೀತೀಯ. ಆಮೇಲ್ಯಾಕೆ ನಿಂತ್ಕತೀಯ?"

"ಬೆಲ್ ಒಡೀತಲ್ಲಮ್ಮ. ಒಂದು ಬೆಲ್ ಅಂದ್ರೆ ನಿಲ್ಸು ಅಂತ. ನಿಲ್ಸಿಲ್ಲ ಅಂದ್ರೆ ಕೇಜಲ್ಲಿರೋ ಆಳುಗಳ ಗತಿ ಏನು?"

ಇಪ್ಪತ್ತೆರಡು ವರ್ಷ ಗಣಿಯ ಇಂಜಿನ್ ಓಡಿಸಿ, ಬೆಲ್ಲಿನ ಲೆಕ್ಕಕ್ಕೆ ಸರಿಯಾಗಿ, ಆಳುಗಳು ತುಂಬಿದ ಕೇಜೆಂಬ ಕಬ್ಬಿಣದ ತೊಟ್ಟಿಲನ್ನು ಪಾತಾಳಕ್ಕೆ ಇಳಿಸಿ ಮೇಲೆತ್ತಿದ ಕೈ ಅದು. ಸ್ಪೀಕರನ್ನೂ ಚಾಪೆಯನ್ನೂ ವಿಚಾರಿಸಿದ ನಾನು ಮಾವನನ್ನೊಂದು ಮಾತು ಕೇಳಿರಲಿಲ್ಲ.

ಕಲ್ಪನ ಫೋನಿನಲ್ಲಿ ಆ ಟಿಣ್ ಸದ್ದನ್ನು ಬಂದ್ ಮಾಡಿದಳು. ಬರೀ ಹಾಡು, ಬರೀ ತಾಳ. ಐದನೇ ದಿನಕ್ಕೆ ಐವತ್ತಾರು! ಮಾವ ಇಸ್ತ್ರಿ ಅಂಗಿ ಹಾಕಿ ತಲೆ ಬಾಚಿಕೊಂಡು ಹೊರಟರು. ನಾನೂ ಚಪ್ಪಲಿ ಮೆಟ್ಟಿ, ಶ್ಯಾಮಲ ಅವರಿಗೆ ಫೋನ್ ಮಾಡಿ, "ನಾನೂ ಜೊತೇಲಿ ಓಗ್ಲಾ ಮೇಡಂ?" ಎಂದೆ.

"ಅವರು ಒಬ್ಬರೇ ಹೋಗಿಬರಲಿ. ನೀವು ಹೋಗೋದಾದ್ರೆ ಮಾತ್ರ ಮಾವನ ಕೈ ಬಿಡಬೇಡಿ. ನಿಮ್ಮ ಏಳು ಪಾಯಿಂಟ್ ಇನ್ನೂ ನನ್ನ ಮುಂದೇನೇ ಇದೆ."

ಎಲ್ಲ ಕೇಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಮಾವ ನಡುಗುವ ಕೈಯನ್ನು ಅಳಿಯನಾದ ನನ್ನತ್ತ ಚಾಚಿದರು.

"ಬನ್ನಿ ಮಾಪ್ಳೆ, ನಿಧಾನ."