ಎಣಿಸುವವಳ ವಹಿ

ನನಗೆ ಎಣಿಸುವ ಚಟವಿದೆ. ಗೋಕಾಕ ಫಾಲ್ಸಿನಿಂದ ಊರೊಳಗಿನ ನಮ್ಮ ಆಫೀಸಿಗೆ ಬರುವಾಗ ಬಸ್ಸು ಎಷ್ಟು ಸಲ ಬ್ರೇಕ್ ಹಾಕಿತು, ಅವ್ವ ದಿನಕ್ಕೆ ಎಷ್ಟು ಸಲ ನನ್ನ ಮದುವೆಯ ಮಾತೆತ್ತಿದಳು, ಎಲ್ಲವೂ ದಿನ, ವಾರ ಸಮೇತ ನನ್ನ ಡೈರಿಯಲ್ಲಿವೆ. ಬ್ರೇಕು ಕಡಿಮೆಯಾದ ದಿನ ಮದುವೆಯ ಮಾತು ಹೆಚ್ಚು ಎಂದೂ ಪತ್ತೆ ಹಚ್ಚಿದ್ದೇನೆ. ಅದರಿಂದ ಏನು ಉಪಯೋಗ ಎಂಬುದಷ್ಟೇ ಪತ್ತೆಯಾಗಿಲ್ಲ. ಇಂಥವರ ಕೈಗೆ ಒಂದಲ್ಲ ಒಂದು ದಿನ ಯಾರಾದರೂ ಅಧಿಕೃತವಾಗಿ ಎಣಿಸುವ ಕೆಲಸ ಕೊಟ್ಟೇ ಕೊಡುತ್ತಾರೆ.

ನಮ್ಮದು ರೈತರಿಗೆ ಹನಿ ನೀರಾವರಿ ಪೈಪು ಮಾರುವ ಕಂಪನಿ. ಚುನಾವಣೆಯ ಬಿಸಿಯಲ್ಲಿ ಬೇರೆ ಊರಿನ ಶಾಖೆಯ ಇಬ್ಬರು ನೌಕರರು ಗಿರಾಕಿಗಳ ಎದುರೇ ಪಕ್ಷದ ಸಲುವಾಗಿ ಕೊರಳಪಟ್ಟಿ ಹಿಡಿದುಕೊಂಡರಂತೆ. ಕೂಡಲೇ ಹೆಡ್ ಆಫೀಸಿನಿಂದ ಆದೇಶ ಬಂತು: ಕೆಲಸದ ವೇಳೆಯಲ್ಲಿ ಯಾರು ಯಾವ ಧರ್ಮ, ಯಾವ ರಾಜಕೀಯ ತೋರಿಸಿಕೊಳ್ಳುತ್ತಾರೆ ಎಂದು ಒಂದು ತಿಂಗಳು ಗಮನಿಸಿ ಹೆಸರು ಸಮೇತ ವರದಿ ಕಳಿಸಬೇಕು. ಮ್ಯಾನೇಜರು ನನ್ನ ಕಡೆ ನೋಡಿದರು. ನಾನು ಆ ಸಂಜೆಯೇ ಹೊಸ ವಹಿ ಕೊಂಡು, ದಿನಕ್ಕೊಂದು ಹಾಳೆಯಂತೆ ಗೆರೆ ಹೊಡೆದು ಸಿದ್ಧ ಮಾಡಿದೆ.

ಎಣಿಸಲು ಇದ್ದವರು ಇಬ್ಬರೇ. ಮೂಡಲಗಿಯಿಂದ ಬರುವ ಹಿರಿಯ ಗುಮಾಸ್ತ ಈರಪ್ಪ ಕಾಕಾ: ಹಣೆ ತುಂಬ ವಿಭೂತಿ, ಫೋನ್ ಎತ್ತಿದರೆ 'ಶರಣಾರ್ಥಿ', ಎತ್ತುವ ಮೊದಲು ರಿಂಗ್‌ಟೋನಾಗಿ ಪಕ್ಷದ ಪ್ರಚಾರದ ಹಾಡು. ಹತ್ತರಗಿಯ ಸುಜಾತಕ್ಕ: ಕಂಪ್ಯೂಟರಿನ ಪಕ್ಕ ಹೆಬ್ಬೆರಳಿನಷ್ಟು ಬುದ್ಧ, ಫೋನ್ ಎತ್ತಿದರೆ 'ಜೈ ಭೀಮ್'. ಮುಂಜಾನೆಯೆಲ್ಲ ರಾಜಕೀಯಕ್ಕೆ ಕಿತ್ತಾಡಿ, ಮಧ್ಯಾಹ್ನ ಒಂದೇ ಡಬ್ಬಿಯ ಶೇಂಗಾ ಚಟ್ನಿ ಹಂಚಿಕೊಳ್ಳುವ ಜನ. ತೊಂದರೆ ಏನೆಂದರೆ, ಸುಜಾತಕ್ಕನ ನೌಕರಿ ಆ ತಿಂಗಳು ಮುಗಿದ ಮೇಲೆ ಕಾಯಂ ಆಗಬೇಕಿತ್ತು. ವರದಿಯಲ್ಲಿ ಹೆಸರು ಬಂದರೆ ಅದು ತಪ್ಪಿದಂತೆಯೇ ಎಂದು ನನಗೂ ಗೊತ್ತಿತ್ತು. ಆದರೂ ಕಂಡದ್ದಕ್ಕೆ, ಕೇಳಿದ್ದಕ್ಕೆ ಒಂದೊಂದು ಗೆರೆ ಎಳೆಯುತ್ತ ಹೋದೆ. ಎಣಿಕೆ ತಪ್ಪಬಾರದಲ್ಲ.

ಮೂರನೇ ವಾರ ಕಾಕಾ ನನ್ನ ಮೇಜಿನ ಬಳಿ ಬಂದು ದನಿ ತಗ್ಗಿಸಿದರು.

"ತಂಗಿ, ಆ ಬುದ್ಧನ ಗೆರಿ ಎಷ್ಟ ಅದಾವೋ ಅಷ್ಟೂ ನನ್ನ ಹೆಸರಿಗಿ ಹಚ್ಚು. ನಾ ಹೆಂಗೂ ರಿಟಾಯರ್ ಆಗಾಂವ."

ಇಷ್ಟು ದಪ್ಪ ವಿಭೂತಿಯವರ ಹೆಸರಿಗೆ ಬುದ್ಧನನ್ನು ಹೇಗೆ ಬರೆಯಲಿ ಎಂದು ಕೇಳಿದೆ. ಕಾಕಾ, ತಮ್ಮ ಹಣೆಯನ್ನು ಹೆಡ್ ಆಫೀಸಿನವರು ಎಲ್ಲಿ ನೋಡಿದ್ದಾರೆ ಎಂದರು. ನಾನು ಒಪ್ಪಲಿಲ್ಲ. ಕಾಕಾ ಬಂದು ಹೋದದ್ದಕ್ಕೂ ಒಂದು ಗೆರೆ ಹಾಕಿಕೊಂಡೆ, ಯಾವ ಕಲಮಿಗೆ ಸೇರುತ್ತದೆ ಎಂದು ತಿಳಿಯದೆ ಬದಿಯಲ್ಲಿ.

ಕೊನೆಯ ಶನಿವಾರ ವರದಿ ಟೈಪ್ ಮಾಡಲು ಮ್ಯಾನೇಜರು ಹೇಳಿದ್ದು ಸುಜಾತಕ್ಕನಿಗೇ. ಕನ್ನಡ ಟೈಪಿಂಗ್ ಬರುವವಳು ಅವಳೊಬ್ಬಳೇ. ನೆಲ ನೋಡುತ್ತ ವಹಿ ಕೊಟ್ಟೆ. ಅಕ್ಕ ಮೊದಲ ಹಾಳೆ ನೋಡಿದಳು, ಎರಡನೆಯದು ನೋಡಿದಳು, ಆಮೇಲೆ ಬೆರಳಿಗೆ ಎಂಜಲು ಹಚ್ಚಿಕೊಂಡು ಕೊನೆಯವರೆಗೂ ತಿರುವಿದಳು.

"ಸರ್, ಪ್ರತಿ ಹಾಳಿ ಮ್ಯಾಲ 'ಶ್ರೀ' ಅಂತ ಬರದೈತ್ರಿ. ಇಪ್ಪತ್ನಾಲ್ಕ ಅದಾವು. ಇವು ಯಾರ ಹೆಸರಿಗಿ ಹಚ್ಚೂದ್ರಿ?"

ಒಂದನೇ ಇಯತ್ತೆಯಲ್ಲಿ ಗುರುಗಳು ಕಲಿಸಿದಂದಿನಿಂದ 'ಶ್ರೀ' ಬರೆಯದೆ ನಾನು ಹಾಳೆ ಮುಟ್ಟಿದವಳಲ್ಲ. ಪೈಪಿನ ಅಳತೆ ಗೀಚುವ ಚೀಟಿಯ ಮೇಲೂ ಅದು ಇರುತ್ತದೆ. ಕಾಕಾ ನಕ್ಕ ರಭಸಕ್ಕೆ ವಿಭೂತಿ ಅಂಗಿಯ ಮೇಲೆ ಉದುರಿತು. "ತಂಗಿ, ಆಫೀಸಿಗಿ ನೀನ ಒಂದನೇ ನಂಬರ್ ಬಂದಿ ನೋಡ" ಎಂದರು. ಮ್ಯಾನೇಜರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ವರದಿಯನ್ನು ತಾವೇ ಹೇಳಿ ಬರೆಸಿದರು: ಗಿರಾಕಿಗಳ ಎದುರು ಪಕ್ಷದ ಹಾಡು ಬಂದ್ ಮಾಡಿಸಲಾಗಿದೆ, ಉಳಿದ ಯಾವುದರಿಂದಲೂ ಯಾರ ಕೆಲಸಕ್ಕೂ ಅಡ್ಡಿಯಿಲ್ಲ. ಹೆಸರು ಒಂದೂ ಇರಲಿಲ್ಲ. ಮರುವಾರ ಅಕ್ಕನ ನೌಕರಿ ಕಾಯಂ ಆಗಿ ಕರದಂಟು ಬಂತು. ನಾನು ತಿಂದದ್ದು ಐದು ತುಂಡು.

ಆ ಸಂಜೆ, ಪ್ರಾಯಶ್ಚಿತ್ತಕ್ಕೆಂದು, 'ಶ್ರೀ' ಇಲ್ಲದೆಯೇ ಡೈರಿ ಬರೆಯಬೇಕೆಂದು ಕುಳಿತೆ. ಹನ್ನೊಂದು ನಿಮಿಷ ಪೆನ್ನು ಹಾಳೆಯ ಮೇಲೆ ತೂಗಾಡಿತೇ ಹೊರತು ಇಳಿಯಲಿಲ್ಲ. ಕೊನೆಗೆ ಬರೆದೇಬಿಟ್ಟೆ, ಬರೆದು, ಪ್ರಾಮಾಣಿಕವಾಗಿ ನನ್ನ ಹೆಸರಿಗೆ ಇನ್ನೊಂದು ಗೆರೆ ಎಳೆದೆ. ಇಪ್ಪತ್ತೈದು.